ಪಂಪಿನ ಒತ್ತಡ ಎಲ್ಲಿ ಹೋಗುತ್ತದೆ?

ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರೇ ಗತಿ. ಕೆರೆಯ ಬಳಿಯ ಜೆಟ್ ರಭಸದಿಂದ ತಿರುಗುತ್ತಿದ್ದು, ಗುಡ್ಡದ ಮೇಲಿನದು ಸೊರಗಿದರೆ ಹೂವು ಒಂದೇ ಸಮನಾಗಿ ಅರಳದು, ಫಸಲಿಗೇ ಪೆಟ್ಟು. ಆಗ ಹೆಚ್ಚು ಅಶ್ವಶಕ್ತಿಯ ಪಂಪು ಕೊಳ್ಳುವ ಯೋಚನೆ ಬರುವುದು ಸಹಜ. ಸದಸ್ಯ ಬಾಂಧವರು ಅದಕ್ಕೆ ಮುಂಚೆ ಒಂದು ಲೆಕ್ಕ ಮಾಡಬೇಕೆಂಬುದು ನಮ್ಮ ಸಲಹೆ.

ಲೆಕ್ಕದ ಮೂಲ, ಡೇನಿಯಲ್ ಬರ್ನೂಲಿ ಎಂಬ ವಿಜ್ಞಾನಿ 1738ರಲ್ಲಿ ಪ್ರಕಟಿಸಿದ ಗ್ರಂಥ. ಹರಿಯುವ ನೀರಿನ ಶಕ್ತಿ ಎತ್ತರ, ಒತ್ತಡ, ವೇಗ ಎಂಬ ಮೂರು ರೂಪದಲ್ಲಿರುತ್ತದೆ. ಘರ್ಷಣೆ ಇಲ್ಲದಿದ್ದರೆ ಮೂರರ ಮೊತ್ತ ಬದಲಾಗದು. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡಕ್ಕೆ ಸಮ.

ಬೆಂಗಳೂರಿಗೆ 1974ರಿಂದ ಬರುತ್ತಿರುವ ಕಾವೇರಿ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತವಾಗಿ ಸುಮಾರು 500 ಮೀಟರ್ ಮೇಲೆತ್ತುತ್ತಾರೆ. ಆ ನೀರು ಚಂದ್ರಾ ಲೇಔಟಿನ ಒಂದು ಮನೆಯ ಮೇಲ್ತೊಟ್ಟಿಯಲ್ಲಿದೆ, ಕೆಳಗಿನ ನಲ್ಲಿಗಿಂತ 8 ಮೀಟರ್ ಮೇಲಿದೆ ಎಂದಿಟ್ಟುಕೊಳ್ಳೋಣ. ನಲ್ಲಿ ಮುಚ್ಚಿದ್ದಾಗ ಅಲ್ಲಿನ ಒತ್ತಡ 0.8 ಕಿಲೋ, ಪೈಪು ಸಣ್ಣದಿರಲಿ, ದಪ್ಪದಿರಲಿ ಅಷ್ಟೇ. ತೆರೆದಾಗ ಎತ್ತರವೆಲ್ಲ ವೇಗವಾಗಬೇಕು: 2 × 9.8 × 8 = 156.8, ಇದರ ವರ್ಗಮೂಲ 12.5. ಅಂದರೆ ಸೆಕೆಂಡಿಗೆ 12.5 ಮೀಟರ್. ಯಾವ ಮನೆಯ ನಲ್ಲಿಯಲ್ಲೂ ಅಷ್ಟು ರಭಸ ಕಾಣೆವು. ಉಳಿದದ್ದನ್ನು ಸಣ್ಣ ಪೈಪು, ಎಲ್ಬೋ, ವಾಲ್ವುಗಳ ಘರ್ಷಣೆ ನುಂಗಿದೆ.

ಈಗ ತೋಟಕ್ಕೆ ಬರೋಣ. ಪಂಪಿನ ಬಳಿ ಗೇಜ್ 6 ಕಿಲೋ ತೋರಿಸುತ್ತಿದೆ. ಕೊನೆಯ ಜೆಟ್ 25 ಮೀಟರ್ ಮೇಲಿದೆ. ಎತ್ತರಕ್ಕೆ 2.5 ಕಿಲೋ ಖರ್ಚು. ಪೈಪಿನಲ್ಲಿ ನೀರು ಸೆಕೆಂಡಿಗೆ 2 ಮೀಟರ್ ಹರಿದರೂ ವೇಗದ ಪಾಲು 0.2 ಮೀಟರ್ ಮಾತ್ರ, ಅದನ್ನು ಬಿಡಬಹುದು. ಜೆಟ್ ಬಳಿ 3.5 ಕಿಲೋ ಉಳಿಯಬೇಕು. ನೀರು ಹಾರುತ್ತಿರುವಾಗಲೇ ಅಲ್ಲಿ ಗೇಜ್ ಇಟ್ಟು ನೋಡಿ. 1.5 ಕಿಲೋ ಮಾತ್ರ ಇದ್ದರೆ, 2 ಕಿಲೋ ಘರ್ಷಣೆಯ ಪಾಲಾಗಿದೆ. ಮೂರನೆಯ ಒಂದು ಭಾಗ ಡೀಸೆಲ್ ಪೈಪಿನಲ್ಲೇ ಕಳೆದಂತೆ!

ಇಲ್ಲಿ ದೊಡ್ಡ ಪಂಪು ಪರಿಹಾರವಲ್ಲ. ಅದೇ ಪೈಪಿನಲ್ಲಿ ಎರಡು ಪಾಲು ನೀರು ನೂಕಿದರೆ ಘರ್ಷಣೆ ಸುಮಾರು ನಾಲ್ಕು ಪಾಲಾಗುತ್ತದೆ. ಅದೇ ನೀರಿಗೆ 2 ಅಂಗುಲದ ಬದಲು 3 ಅಂಗುಲದ ಪೈಪು ಹಾಕಿದರೆ ಅದು ಏಳರಲ್ಲೊಂದು ಪಾಲಿಗಿಂತಲೂ ಕಡಿಮೆಗೆ ಇಳಿಯುತ್ತದೆ. ಮೇಲಿನ ಕೆರೆಯಿಂದ ಅಡಿಕೆ ತೋಟಕ್ಕೆ ನೀರಿಳಿಸುವವರಿಗೂ ಇದೇ ಲೆಕ್ಕ; ಅಲ್ಲಿ ಎತ್ತರವನ್ನು ಕಳೆಯದೆ ಕೂಡಿಸಬೇಕು, ಅಷ್ಟೆ.

ಹೂವಿನ ಕಾಲ ಬರುವ ಮುನ್ನವೇ ಎರಡೂ ಕಡೆ ಗೇಜ್ ಹಿಡಿದು ನೋಡಿ. ಪಂಪಿನ ಅಂಗಡಿಗೆ ಹೋಗುವುದು ಆಮೇಲಿರಲಿ.