ಬಿಸಿಲು, ಬೆವರು ಮತ್ತು 80 ವೋಲ್ಟ್: ವೆಲ್ಡಿಂಗ್ ಶಾಕ್ ಬೇಸಿಗೆಯಲ್ಲಿ ಯಾಕೆ ಹೆಚ್ಚು ಅಪಾಯ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ.

ಕೆಲಸದ ನಡುವೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಾ? ಹಾಗಿದ್ರೆ ಮೊದಲು ಒಂದು ಮಾತು. ಕೈಯಲ್ಲಿ ವೆಲ್ಡಿಂಗ್ ಹೋಲ್ಡರ್ ಇದ್ರೆ ಅದನ್ನ ಕೆಳಗಿಟ್ಟು, ಮಷಿನ್ ಆಫ್ ಮಾಡಿ, ಆಮೇಲೆ ಕೇಳಿ. ಇವತ್ತಿನ ಮಾತು ಅದರ ಬಗ್ಗೆನೇ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೊರಟ್ರೆ ಕಪನೂರ ಕೈಗಾರಿಕಾ ಪ್ರದೇಶ ಸಿಗುತ್ತೆ. ಅಲ್ಲಿಂದ ಮುಂದಕ್ಕೂ ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರಾಲಿ ರಿಪೇರಿ ಮಾಡೋ ಅಂಗಡಿಗಳ ನೀಲಿ ಬೆಳಕು ಕಣ್ಣಿಗೆ ಬೀಳುತ್ತೆ. ಕಮಲಾಪುರ ಅಂದ್ರೆ ಎಲ್ಲರಿಗೂ ನೆನಪಾಗೋದು ಅಲ್ಲಿನ ಕೆಂಪು ಬಾಳೆ. ಆದ್ರೆ ಆ ಬಾಳೆ ಸಾಗಿಸೋ ಟ್ರಾಲಿ ಮುರಿದ್ರೆ ಜೋಡಿಸೋದು ವೆಲ್ಡಿಂಗ್ ಹುಡುಗರೇ. ಇವರಲ್ಲಿ ಬಹಳ ಮಂದಿ ಕೆಲಸ ಕಲಿತಿದ್ದು ಐಟಿಐನಲ್ಲಿ ಅಲ್ಲ, ಉಸ್ತಾದ್ ಪಕ್ಕದಲ್ಲಿ ನಿಂತು. ಉಸ್ತಾದ್ ಕೈಗವಸು ಹಾಕದಿದ್ರೆ ಹುಡುಗನೂ ಹಾಕೋದಿಲ್ಲ.

ಒಂದು ಪ್ರಶ್ನೆ ಇಟ್ಕೊಂಡು ಶುರು ಮಾಡೋಣ. ಅದೇ ಮಷಿನ್, ಅದೇ ಹೋಲ್ಡರ್, ಅದೇ ಕೆಲಸಗಾರ. ಜನವರಿಯಲ್ಲಿ ಕೈಗೆ ಸಣ್ಣಗೆ ಜುಮ್ ಅಂದು ಬಿಟ್ಟ ಶಾಕ್, ಮೇ ತಿಂಗಳಲ್ಲಿ ಯಾಕೆ ಜೀವ ತೆಗೆಯಬಹುದು?

ರಾಡ್ ಬದಲಿಸೋ ಕ್ಷಣ

ಮಷಿನ್‌ಗೆ ಒಳಗೆ ಬರೋದು 230 ವೋಲ್ಟ್. ಹಳೇ ಟ್ರಾನ್ಸ್‌ಫಾರ್ಮರ್ ಮಷಿನ್ ಆಗಿದ್ದು ಎರಡು ಫೇಸ್ ಮೇಲೆ ಓಡ್ತಿದ್ರೆ 415 ವೋಲ್ಟ್. ಇದು ಅಪಾಯ ಅಂತ ಎಲ್ಲರಿಗೂ ಗೊತ್ತು. ಹೋಲ್ಡರ್ ಕಡೆ ಬರೋದು ಮಾತ್ರ ಕಡಿಮೆ, ಅದಕ್ಕೆ ಏನೂ ಆಗಲ್ಲ ಅನ್ನೋದು ಅಂಗಡಿ ಮಾತು. ತಪ್ಪು ಇರೋದೇ ಅಲ್ಲಿ.

ಆರ್ಕ್ ಉರಿಯುವಾಗ ರಾಡ್ ಮತ್ತು ಕಬ್ಬಿಣದ ನಡುವೆ ಇರೋದು ಸುಮಾರು 20ರಿಂದ 30 ವೋಲ್ಟ್. ಆರ್ಕ್ ನಿಂತು, ಮಷಿನ್ ಆನ್ ಆಗೇ ಇದ್ರೆ ಹೋಲ್ಡರ್ ಮೇಲೆ 60ರಿಂದ 80 ವೋಲ್ಟ್ ಕಾದು ಕೂತಿರುತ್ತೆ. ಅಂದ್ರೆ ಕಿಡಿ ಹಾರುವಾಗ ಇರೋದಕ್ಕಿಂತ, ಸುಮ್ಮನೆ ರಾಡ್ ಬದಲಿಸುವಾಗ ಶಾಕ್‌ನ ಅಪಾಯ ಜಾಸ್ತಿ. ನಾವು ಕೈಗವಸು ತೆಗೆಯೋದು ಕೂಡ ಅದೇ ಕ್ಷಣದಲ್ಲಿ.

ಈಗ ಬೆವರಿನ ಲೆಕ್ಕಕ್ಕೆ ಬರೋಣ. ಒಣಗಿದ ಚರ್ಮ ಕರೆಂಟಿಗೆ ಒಳ್ಳೆ ಅಡ್ಡಿ ಒಡ್ಡುತ್ತೆ. ಬೆವರಿನಲ್ಲಿ ಉಪ್ಪಿದೆ, ಚರ್ಮ ನೆನೆದ್ರೆ ಆ ಅಡ್ಡಿ ಕುಸಿಯುತ್ತೆ. ನೆನೆದ ದೇಹದ ರೋಧ ಸುಮಾರು 1,000 ಓಮ್ ಅಂತ ಹಿಡಿದ್ರೆ, 80 ವೋಲ್ಟ್‌ಗೆ ಹರಿಯೋದು 80 ಮಿಲಿ ಆಂಪಿಯರ್. ಎಸಿ ಕರೆಂಟ್ 10 ಮಿಲಿ ಆಂಪಿಯರ್ ದಾಟಿದ್ರೇ ಕೈ ಸ್ನಾಯು ಬಿಗಿದು ಹಿಡಿದದ್ದನ್ನ ಬಿಡೋಕಾಗಲ್ಲ. 80 ಮಿಲಿ ಆಂಪಿಯರ್ ಎದೆ ದಾಟಿ ಹರಿದ್ರೆ ಹೃದಯದ ಲಯವೇ ತಪ್ಪಬಹುದು.

ಕಲಬುರಗಿಯ ಮೇ ತಿಂಗಳು ನಿಮಗೆ ಹೇಳಬೇಕಿಲ್ಲ. ಹೊರಗೆ 42 ಡಿಗ್ರಿ, ತಗಡಿನ ಶೆಡ್ ಒಳಗೆ ಅದಕ್ಕಿಂತ ಹೆಚ್ಚು. ಅಂಗಿ ಬಿಚ್ಚಿ, ಚಪ್ಪಲಿಯಲ್ಲೇ, ಕಬ್ಬಿಣದ ಶೀಟಿನ ಮೇಲೆ ಕೂತು ಕೆಲಸ. ಕೂತ ಶೀಟಿಗೆ ಕ್ಲ್ಯಾಂಪ್ ಹಾಕಿರುತ್ತೆ, ಕೈಯಲ್ಲಿ ರಾಡ್. ಮೈ ಪೂರ್ತಿ ಸರ್ಕ್ಯೂಟ್ ಆಗೋಕೆ ಇನ್ನೇನು ಬೇಕು? ಜನವರಿಗೂ ಮೇಗೂ ಇರೋ ವ್ಯತ್ಯಾಸ ಇಷ್ಟೇ.

ಮಾಡಬೇಕಾದ್ದೂ ಸರಳ. ಒಣಗಿದ, ತೂತಿಲ್ಲದ ಚರ್ಮದ ಕೈಗವಸು ಎರಡು ಜೊತೆ ಇಟ್ಕೊಳ್ಳಿ. ಒಂದು ನೆನೆದ್ರೆ ಬಿಸಿಲಿಗೆ ಹಾಕಿ, ಇನ್ನೊಂದು ತೊಡಿ. ರಬ್ಬರ್ ಅಡಿಯ ಮುಚ್ಚಿದ ಶೂ ಇರಲಿ. ಕಬ್ಬಿಣದ ಮೇಲೆ ಕೂರಬೇಕಾದ್ರೆ ಕೆಳಗೆ ಒಣ ಹಲಗೆ ಅಥವಾ ರಬ್ಬರ್ ಮ್ಯಾಟ್ ಹಾಕ್ಕೊಳ್ಳಿ. ಹೋಲ್ಡರನ್ನ ಕಂಕುಳಲ್ಲಿ ಸಿಕ್ಕಿಸ್ಕೊಳ್ಳೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಭಾರೀ ಕೆಲಸ ಬೆಳಿಗ್ಗೆ ಬೇಗ ಮುಗಿಸಿ. ಹೊಸ ಮಷಿನ್ ತಗೊಳ್ಳುವಾಗ ವಿಆರ್‌ಡಿ ಇದೆಯಾ ಅಂತ ಕೇಳಿ. ಕೆಲಸ ನಿಂತಾಗ ಹೋಲ್ಡರ್ ಮೇಲಿನ ವೋಲ್ಟೇಜನ್ನ ತಾನೇ ಇಳಿಸೋ ಸಾಧನ ಅದು.

ಅದು ಅರ್ತಿಂಗ್ ಅಲ್ಲ

ಅಂಗಡಿಯಲ್ಲಿ ಕ್ಲ್ಯಾಂಪ್‌ಗೆ 'ಅರ್ತ್' ಅಂತಾರೆ. ನಿಜ ಹೇಳಬೇಕಂದ್ರೆ ಅದು ಅರ್ತ್ ಅಲ್ಲ, ಕರೆಂಟ್ ಮಷಿನ್‌ಗೆ ವಾಪಸ್ ಹೋಗೋ ದಾರಿ. ಅದನ್ನ ವೆಲ್ಡಿಂಗ್ ಜಾಗದ ಹತ್ತಿರವೇ, ಬಣ್ಣ-ತುಕ್ಕು ಕೆರೆದು ಬಿಗಿಯಾಗಿ ಹಾಕಬೇಕು. ದೂರದ ಗೇಟಿಗೋ ಕಟ್ಟಡದ ಸರಳಿಗೋ ಹಾಕಿದ್ರೆ ನೂರಾರು ಆಂಪಿಯರ್ ಸಿಕ್ಕ ದಾರಿಯಲ್ಲೆಲ್ಲ ಹರಿಯುತ್ತೆ: ಬೇರಿಂಗ್, ಚೈನು, ಪಕ್ಕದ ಮಷಿನ್‌ನ ವೈರು ಎಲ್ಲಾ ಸುಡಬಹುದು.

ನಿಜವಾದ ಅರ್ತಿಂಗ್ ಅಂದ್ರೆ ಮಷಿನ್‌ನ ಲೋಹದ ಬಾಡಿಯಿಂದ ಮೂರನೇ ವೈರ್ ಮೂಲಕ ನೆಲಕ್ಕೆ ಹೋಗೋದು. ಒಳಗಿನ 230 ವೋಲ್ಟ್ ಬಾಡಿಗೆ ತಗುಲಿದ್ರೆ ಕಾಪಾಡೋದು ಅದೇ. ನಮ್ಮ ಭಾಗದ ಕರಿ ಮಣ್ಣಿಗೆ ಒಂದು ಗುಣ ಇದೆ. ಮಳೆಗಾಲದಲ್ಲಿ ಅಂಟಾಗಿ ಅರ್ತ್ ರಾಡನ್ನ ಹಿಡಿದುಕೊಳ್ಳುತ್ತೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡಿನಿಂದ ದೂರ ಸರಿಯುತ್ತೆ. ಆಗ ಅರ್ತಿಂಗ್ ಇದ್ದೂ ಇಲ್ಲದಂತೆ. ಅದಕ್ಕೇ ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕ್ತಾ ಇರಬೇಕು, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ತಪ್ಪು ನಂಬಿಕೆ: "ಬೋರ್ಡ್‌ನಲ್ಲಿ ಆರ್‌ಸಿಸಿಬಿ ಐತಿ, ಶಾಕ್ ಹೊಡ್ದ್ರ ಟ್ರಿಪ್ ಆಗ್ತದ." ಒಳಬರೋ ಕಡೆ ಶಾಕ್ ಆದ್ರೆ ಹೌದು. 30 ಮಿಲಿ ಆಂಪಿಯರ್ ಸೋರಿದ್ರೆ ಸಾಕು, ಅದು ಬೀಳುತ್ತೆ. ಆದ್ರೆ ಹೋಲ್ಡರ್ ಕಡೆಯ ಕರೆಂಟ್ ಮಷಿನ್‌ನ ಎರಡನೇ ಸುರುಳಿಯಿಂದ ಹೊರಟು ಅಲ್ಲಿಗೇ ವಾಪಸ್ ಬರುತ್ತೆ. ಆ ಸುತ್ತಿನ ನಡುವೆ ನೀವು ಸಿಕ್ಕಿಬಿದ್ರೂ ಬೋರ್ಡ್‌ಗೆ ಗೊತ್ತಾಗಲ್ಲ. ಆರ್‌ಸಿಸಿಬಿ ಇರಲೇಬೇಕು, ಆದ್ರೆ ಕೈಗವಸಿನ ಕೆಲಸ ಅದು ಮಾಡೋದಿಲ್ಲ. ಇನ್ನು ಹೊಲದಲ್ಲಿ ಟ್ರಾಲಿ ರಿಪೇರಿಗೆ ಅಂತ ಕಂಬದ ತಂತಿಗೆ ಹುಕ್ ಹಾಕೋದು ಕಾನೂನಿಗೂ ವಿರುದ್ಧ, ಜೀವಕ್ಕೂ ಕಂಟಕ. ಅಲ್ಲಿ ಫ್ಯೂಸೂ ಇಲ್ಲ, ಅರ್ತೂ ಇಲ್ಲ.

ಕಣ್ಣು ಮತ್ತು ಉಸಿರು

'ಕಣ್ಣು ಹೊಡೆದಿದೆ' ಅಂತೀವಲ್ಲ, ಅದು ಆರ್ಕ್‌ನ ಅಲ್ಟ್ರಾವಯಲೆಟ್ ಕಿರಣ ಕಣ್ಣಿನ ಮೇಲ್ಪದರವನ್ನ ಸುಟ್ಟಿದ್ದು. ಆಗಲೇ ಗೊತ್ತಾಗಲ್ಲ. ಆರೆಂಟು ಗಂಟೆ ಆದ್ಮೇಲೆ, ರಾತ್ರಿ ಮಲಗಿದಾಗ ಕಣ್ಣೊಳಗೆ ಮರಳು ಸುರಿದಂಗಾಗುತ್ತೆ. ಪೂರ್ತಿ ವೆಲ್ಡಿಂಗ್ ಮಾಡುವಾಗ ಸ್ಕ್ರೀನ್ ಹಿಡಿಯೋರು 'ಒಂದು ಟ್ಯಾಕ್ ಅಷ್ಟೇ' ಅಂತ ಬರಿಗಣ್ಣಲ್ಲಿ ಹೊಡೀತಾರೆ, ಹೆಚ್ಚು ಸಲ ಕಣ್ಣು ಹೋಗೋದು ಅಲ್ಲೇ. ಪಕ್ಕದಲ್ಲಿ ಶೀಟು ಹಿಡಿದು ನಿಂತ ಹೆಲ್ಪರ್‌ಗೂ, ರೀಲ್ಸ್ ಮಾಡೋ ಗೆಳೆಯನಿಗೂ ಅದೇ ಗತಿ.

ದಿನದ ಗ್ರಿಲ್ ಕೆಲಸಕ್ಕೆ ಶೇಡ್ 10 ಅಥವಾ 11ರ ಗಾಜು ಬೇಕು. ಬಿಸಿಲಿನ ಕೂಲಿಂಗ್ ಗ್ಲಾಸ್ ಸಾಲೋದಿಲ್ಲ. ನೋವು ಬಂದ್ರೆ ತಣ್ಣೀರ ಬಟ್ಟೆ, ಕತ್ತಲ ಕೋಣೆ, ಕಣ್ಣಿನ ಡಾಕ್ಟರ್. ಮರಗಟ್ಟಿಸೋ ಡ್ರಾಪ್ಸ್ ಮೆಡಿಕಲ್‌ನಿಂದ ತಂದು ಹಾಕ್ಕೋಬೇಡಿ. ನೋವು ಹೋಗುತ್ತೆ, ಗಾಯ ಮಾತ್ರ ಮಾಯೋದಿಲ್ಲ.

ಹೊಗೆ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನ ಮೊದಲನೇ ಗುಂಪಿಗೆ, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದವುಗಳ ಸಾಲಿಗೆ ಸೇರಿಸಿತು. ಜಿಐ ಪೈಪ್ ಮೇಲಿನ ಸತುವಿನ ಲೇಪನ ಸುಟ್ಟ ಹೊಗೆ ಕುಡಿದ್ರೆ ಅದೇ ಸಂಜೆ ಚಳಿ-ಜ್ವರ, ಮೈಕೈ ನೋವು ಬರುತ್ತೆ; ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಬೆಲ್ಲ, ಬಾಳೆಹಣ್ಣು, ಹಾಲು ಹೊಟ್ಟೆಗೆ ಒಳ್ಳೇದು, ಆದ್ರೆ ಅವು ಶ್ವಾಸಕೋಶಕ್ಕೆ ಹೋಗೋದಿಲ್ಲ. ಲೇಪನ ಮೊದಲು ಉಜ್ಜಿ ತೆಗೆಯಿರಿ, ಗಾಳಿ ಬೆನ್ನ ಕಡೆಯಿಂದಲ್ಲ, ಪಕ್ಕದಿಂದ ಬರುವಂತೆ ನಿಲ್ಲಿ, ಮುಖ ಹೊಗೆಯ ಮೇಲೆ ಬಗ್ಗಿಸಬೇಡಿ.

ಕಿಡಿ ಎಲ್ಲಿಗೆ ಹೋಯ್ತು?

ಕಿಡಿ ಹತ್ತು ಮೀಟರ್ ದೂರದ ತನಕ ಉರುಳಬಲ್ಲದು. ತೊಗರಿ ನಾಡು ನಮ್ಮದು, ದಾಲ್ ಮಿಲ್‌ಗಳು ಬಹಳ. ಹೊಟ್ಟು, ದೂಳು, ಗೋಣಿಚೀಲದಲ್ಲಿ ಬಿದ್ದ ಕಿಡಿ ಒಳಗೊಳಗೇ ಹೊಗೆಯಾಡಿ, ಎಲ್ಲರೂ ಊಟಕ್ಕೆ ಹೋದ್ಮೇಲೆ ಹೊತ್ತಿಕೊಳ್ಳುತ್ತೆ. ಗಾಳಿಯಲ್ಲಿ ತೇಲೋ ದೂಳು ಸ್ಫೋಟವನ್ನೂ ಮಾಡಬಲ್ಲದು. ಮಿಲ್ ನಿಲ್ಲಿಸಿ, ದೂಳು ಗುಡಿಸಿ, ನೀರು-ಮರಳಿನ ಬಕೆಟ್ ಇಟ್ಟು ಶುರು ಮಾಡಿ. ಆದ್ರೆ ಮಷಿನ್, ಕೇಬಲ್ ಮೇಲೆ ಮಾತ್ರ ನೀರು ಹಾಕಬಾರದು. ಕೆಲಸ ಮುಗಿದ್ಮೇಲೆ ಒಬ್ಬರು ಕನಿಷ್ಠ ಅರ್ಧ ಗಂಟೆ, ಸಾಧ್ಯವಾದ್ರೆ ಒಂದು ಗಂಟೆ ಅಲ್ಲೇ ನೋಡ್ತಾ ಇರಲಿ.

ಖಾಲಿ ಡೀಸೆಲ್ ಬ್ಯಾರೆಲ್ ಖಾಲಿ ಅಲ್ಲ. ಎಣ್ಣೆ ಹೋಗಿದೆ, ಆವಿ ಒಳಗೇ ಇದೆ. ಅದಕ್ಕೆ ಆರ್ಕ್ ಮುಟ್ಟಿಸೋದು ಬಾಂಬಿಗೆ ಬತ್ತಿ ಹಚ್ಚಿದಂಗೆ. ಸುಮ್ಮನೆ ನೀರಲ್ಲಿ ತೊಳೆದ್ರೂ ಸಾಲದು. ಅಂಥ ಕೆಲಸ ಒಪ್ಪಿಕೊಳ್ಳಬೇಡಿ.

ಯಾರಿಗಾದ್ರೂ ಶಾಕ್ ಹೊಡೆದ್ರೆ

ಮುಟ್ಟಬೇಡಿ, ಮೊದಲು ಮೇನ್ ಆಫ್ ಮಾಡಿ. ಆಗದಿದ್ರೆ ಒಣ ಕಟ್ಟಿಗೆಯಿಂದ ಹೋಲ್ಡರ್ ಸರಿಸಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲ, ಉಸಿರೂ ಇಲ್ಲ ಅಂದ್ರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಇಂಚು ಆಳ ಒತ್ತಿ. ಆಂಬುಲೆನ್ಸ್ ಬರೋ ತನಕ ನಿಲ್ಲಿಸಬೇಡಿ. ಕಮಲಾಪುರದಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಮೂವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಮೊದಲ ಐದು ನಿಮಿಷ ನಿಮ್ಮ ಕೈಯಲ್ಲೇ ಇದೆ. ಎದ್ದು ಕೂತು 'ಏನಿಲ್ಲ' ಅಂದ್ರೂ ಇಸಿಜಿ ಮಾಡಿಸಿ, ಲಯ ಆಮೇಲೂ ತಪ್ಪಬಹುದು.

ಕೊನೆಗೆ ಎರಡು ಕಾಗದದ ಕೆಲಸ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದ್ರೆ ಮನೆಯವರಿಗೆ 2 ಲಕ್ಷ. 18 ತುಂಬಿ ಬ್ಯಾಂಕ್ ಖಾತೆ ಇದ್ರೆ ಸಾಕು. ಕಟ್ಟಡಗಳಲ್ಲಿ ವೆಲ್ಡಿಂಗ್ ಮಾಡೋರು ವರ್ಷಕ್ಕೆ 90 ದಿನ ಕೆಲಸ ಮಾಡಿದ್ರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು.

ಅಂಗಡಿ ಮಾಲೀಕರಿಗೂ ಒಂದು ಮಾತು. ಬೇಸಿಗೆಯಲ್ಲಿ ಹುಡುಗ ಕೈಗವಸು ತೆಗೆದ್ರೆ ಬೈಬೇಡಿ, ಒಣಗಿದ ಇನ್ನೊಂದು ಜೊತೆ ಕೊಡಿ, ಕುಡಿಯೋಕೆ ನೀರು ಕೊಡಿ, ಹತ್ತು ನಿಮಿಷ ನೆರಳಲ್ಲಿ ಕೂರಿಸಿ. ಮತ್ತೆ ಮೊದಲು ನೀವು ತೊಡಿ. ಅವನು ಕಲಿಯೋದು ನಿಮ್ಮ ಕೈ ನೋಡಿ.

ಈ ಸಂಚಿಕೆಯನ್ನ ನಿಮಗೆ ಗೊತ್ತಿರೋ ಒಬ್ಬ ವೆಲ್ಡರ್‌ಗೆ ಕಳಿಸಿ. ಮುಂದಿನ ವಾರ ಸಿಗೋಣ, ಬರ್ತೀನ್ರಿ.