ಜಗಳ ಮುಗಿದದ್ದು ಮಕ್ಕಳಿಗೂ ಗೊತ್ತಾಗಲಿ

'ಊಟಕ್ಕೆ ಬರ್ತಾರಾ ಕೇಳು ನಿಮ್ಮಪ್ಪನ್ನ.' 'ಹಸಿವಿಲ್ಲ ಅಂತ ಹೇಳು ನಿಮ್ಮಮ್ಮಂಗೆ.' ಒಂದೇ ಹಾಲಿನಲ್ಲಿ ಕೂತ ಇಬ್ಬರ ನಡುವೆ ಹತ್ತನೇ ಕ್ಲಾಸಿನ ಹುಡುಗಿ ಟಪಾಲು ಸಾಗಿಸುತ್ತಿರುತ್ತಾಳೆ. ಕೂಗಾಟವಿಲ್ಲ, ಪಾತ್ರೆ ಎಸೆದ ಸದ್ದಿಲ್ಲ. ಪಕ್ಕದ ಮನೆಯವರ ಪಾಲಿಗೆ ಅದು ನೆಮ್ಮದಿಯ ಸಂಸಾರ.

ಹುಡುಗಿಯ ಪಾಲಿಗೆ ಅಲ್ಲ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಮಾರ್ಕ್ ಕಮಿಂಗ್ಸ್ ದೊಡ್ಡವರ ಜಗಳದ ದೃಶ್ಯಗಳನ್ನು ಮಕ್ಕಳಿಗೆ ತೋರಿಸಿ, ಅವರ ಮೇಲಾಗುವ ಪರಿಣಾಮವನ್ನು ವರ್ಷಗಟ್ಟಲೆ ಅಭ್ಯಸಿಸಿದವರು. ಬೈದಾಟ ಕಂಡಾಗಿನಂತೆಯೇ, ಮುಖ ತಿರುಗಿಸಿ ಮಾತು ಬಿಟ್ಟದ್ದನ್ನು ಕಂಡಾಗಲೂ ಮಕ್ಕಳು ಕಂಗೆಡುತ್ತಿದ್ದರು. ಅಪ್ಪ ತನ್ನನ್ನು ಹೇಗೆ ನೋಡಿಕೊಳ್ಳುತ್ತಾನೆ, ಅಮ್ಮ ಹೇಗೆ ಎಂಬುದರ ಜೊತೆಗೆ, ಅವರಿಬ್ಬರೂ ಪರಸ್ಪರ ಹೇಗಿದ್ದಾರೆ ಎಂಬುದರ ಮೇಲೂ ಮಗುವಿನ ಧೈರ್ಯ ನಿಂತಿರುತ್ತದೆ ಎಂದು ಅವರು 1994ರಲ್ಲಿ ಪ್ಯಾಟ್ರಿಕ್ ಡೇವಿಸ್ ಜೊತೆ ಸೇರಿ ವಾದಿಸಿದರು.

ಅದಕ್ಕೂ ಮೊದಲು, 1990ರಲ್ಲಿ, ಮನೋವಿಜ್ಞಾನಿಗಳಾದ ಜಾನ್ ಗ್ರಿಚ್ ಮತ್ತು ಫ್ರಾಂಕ್ ಫಿಂಚಮ್ ಇನ್ನೊಂದು ಸೂಕ್ಷ್ಮವನ್ನು ಮುಂದಿಟ್ಟಿದ್ದರು: ಜಗಳ ನೋಡುವ ಮಗು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತದೆ. ಇದರಿಂದ ನನಗೇನು ಕಾದಿದೆ? ಇದು ಯಾರ ತಪ್ಪು? ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಈ ಎರಡನೇ ಪ್ರಶ್ನೆ ಅಪಾಯಕಾರಿ. ಟ್ಯೂಷನ್ ಫೀಸು, ಮೊಬೈಲು, ಪಿಯುಸಿಗೆ ಸೈನ್ಸೋ ಕಾಮರ್ಸೋ ಎಂಬ ಎಷ್ಟೋ ಜಗಳಗಳ ವಸ್ತುವೇ ಆ ಮಗು. 'ನಿನ್ನ ಮುಖ ನೋಡ್ಕೊಂಡು ಎಲ್ಲಾ ಸಹಿಸ್ಕೊಂಡಿದೀನಿ' ಎಂದು ಅಮ್ಮ ಹೇಳುವುದು ಪ್ರೀತಿಯಿಂದಲೇ. ನಾನು ಹುಟ್ಟದಿದ್ದರೆ ಅಮ್ಮ ಸುಖವಾಗಿರುತ್ತಿದ್ದಳು ಎಂದು ಮಗು ಅದನ್ನು ಅರ್ಥಮಾಡಿಕೊಂಡರೆ ತಪ್ಪು ಯಾರದು? ಅಂದಹಾಗೆ, ಈ ಸಹನೆಯಿಂದ ಮಕ್ಕಳಿಗೆ ಯಾವಾಗಲೂ ಒಳ್ಳೆಯದೇ ಆಗುತ್ತದೆಂದೂ ಇಲ್ಲ. ಸಮಾಜಶಾಸ್ತ್ರಜ್ಞ ಪಾಲ್ ಅಮಾಟೊ ಮತ್ತು ಸಂಗಡಿಗರ 1995ರ ಅಧ್ಯಯನದಲ್ಲಿ, ಸದಾ ಜಗಳವಾಡುತ್ತ ಒಟ್ಟಿಗೇ ಉಳಿದವರ ಮಕ್ಕಳಿಗಿಂತ, ಅಂಥ ಜಗಳದಿಂದ ಬೇಸತ್ತು ಬೇರೆಯಾದವರ ಮಕ್ಕಳೇ ಬೆಳೆದ ಮೇಲೆ ಹೆಚ್ಚು ನೆಮ್ಮದಿಯಿಂದಿದ್ದರು.

ಕದನದಲ್ಲಿ ಮುಳುಗಿದವರಿಗೆ ಮಗುವಿನ ಕಡೆ ನೋಡಲು ಪುರುಸೊತ್ತೂ ಇರುವುದಿಲ್ಲ. ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ ನ್ಯೂಯಾರ್ಕ್ ರಾಜ್ಯದ 5,000ಕ್ಕೂ ಹೆಚ್ಚು ಹೈಸ್ಕೂಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 1965ರಲ್ಲಿ ಪುಸ್ತಕ ಬರೆದರು. ಸ್ವಾಭಿಮಾನ ಅಳೆಯಲು ಅವರು ರೂಪಿಸಿದ ಹತ್ತು ವಾಕ್ಯಗಳು ಇಂದಿಗೂ ಬಳಕೆಯಲ್ಲಿವೆ. ಆ ಅಧ್ಯಯನದಲ್ಲಿ, ಕಡಿಮೆ ಅಂಕಕ್ಕೆ ಬೈಸಿಕೊಂಡವರಿಗಿಂತಲೂ, ಮಾರ್ಕ್ಸ್ ಕಾರ್ಡನ್ನು ಅಪ್ಪ ಅಮ್ಮ ಕೇಳುವ ಗೋಜಿಗೇ ಹೋಗದ ಮಕ್ಕಳು ತಮ್ಮನ್ನು ಕೀಳಾಗಿ ಕಂಡುಕೊಂಡಿದ್ದರು.

ಹಾಗಾದರೆ ಗಂಡ ಹೆಂಡತಿ ಜಗಳವನ್ನೇ ಆಡಬಾರದೆ? ಆಗದ ಮಾತು. ಜಗಳ ಬಗೆಹರಿದದ್ದನ್ನು ಕಂಡ ಮಕ್ಕಳ ಕಳವಳ ಬಹಳ ಮಟ್ಟಿಗೆ ಇಳಿಯಿತೆಂದು ಕಮಿಂಗ್ಸ್ ಅವರ ಪ್ರಯೋಗಗಳೇ ತೋರಿಸಿವೆ. ಮುಚ್ಚಿದ ಬಾಗಿಲ ಹಿಂದೆ ರಾಜಿಯಾಗಿ, ಆಮೇಲೆ ಮಕ್ಕಳಿಗೆ ತಿಳಿಸಿದರೂ ಉಪಯೋಗವಿತ್ತು. ನಮ್ಮಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಸರಿ, ಆದರೆ ಜಗಳ ಶುರುವಾದದ್ದು ಹಾಲಿನಲ್ಲಿ, ಎಲ್ಲರೆದುರು, ಮುಗಿದದ್ದು ಕೋಣೆಯೊಳಗೆ. ಬೆಳಿಗ್ಗೆ ಕಾಫಿ ಕುಡಿಯುವಾಗ 'ನಿನ್ನೆ ಜಗಳ ಆಡಿದ್ವಿ, ಈಗ ಸರಿಹೋಯ್ತು, ಅದರಲ್ಲಿ ನಿನ್ನದೇನೂ ತಪ್ಪಿಲ್ಲ' ಎಂದು ಹೇಳಲು ಅರ್ಧ ನಿಮಿಷ ಸಾಕು.

ಹೊಡೆತ ಬಡಿತದ ಮಾತು ಬೇರೆ. ಅಂಥ ಮನೆಗೆ ಹೊರಗಿನ ನೆರವೇ ಬೇಕು. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಸಂಕಟಕ್ಕೆ, 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸಂಖ್ಯೆ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳೂ ಕರೆ ಮಾಡಬಹುದು, ಅಪ್ಪ ಅಮ್ಮಂದಿರೂ ಮಾಡಬಹುದು.