ಗಡಿ ದಾಟಿ ಬಂದ ಶುಕ್ರ

ಲಡಾಖ್, ಪ್ಯಾಂಗಾಂಗ್ ಸರೋವರದ ಹತ್ರ. 2012-13ರ ಚಳಿಗಾಲ. ಸಂಜೆ 6ಕ್ಕೆ ಒಂದು ಬೆಳಕು ಹಾಜರ್, ಬೆಳಗಿನ ಜಾವ 5ರವರೆಗೂ ಇರುತ್ತೆ. 4ಕ್ಕೆ ಇನ್ನೊಂದು ಬರುತ್ತೆ, 11 ಗಂಟೆಯಾದ್ರೂ ಹೋಗಲ್ಲ. ಚೀನಾದ ಡ್ರೋನೇ ಇರಬೇಕು ಅಂತ ನಮ್ಮ ಸೈನಿಕರಿಗೆ ಅನುಮಾನ. ಕೆಲವೇ ತಿಂಗಳಲ್ಲಿ ದಾಖಲಾಗಿದ್ದು ಬರೋಬ್ಬರಿ 329 ಸಲ!

ಕೊನೆಗೆ ಪ್ರಶ್ನೆ ಬಂದಿದ್ದು ಬೆಂಗಳೂರಿಗೆ, ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ. ಉತ್ತರ? ಮೊದಲನೆಯದು ಗುರು, ಎರಡನೆಯದು ಶುಕ್ರ.

ನಗಬೇಡಿ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಗ್ರಹಗಳು ಇನ್ನೂ ಪ್ರಖರ. ಕತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದ್ರೆ, ನಿಂತಿದ್ದೂ ಓಡಾಡಿದ ಹಾಗೆ ಕಾಣುತ್ತೆ. ಕಣ್ಣಿನ ಚೇಷ್ಟೆ! ಮೇಲಾಗಿ ಭೂಮಿ ತಿರುಗ್ತಾ ಇರೋದ್ರಿಂದ ಗ್ರಹ ನಿಜಕ್ಕೂ ಪಶ್ಚಿಮಕ್ಕೆ ಜರುಗುತ್ತೆ, ನಿಧಾನಕ್ಕೆ.

ನಿಮಗೂ ಅನುಮಾನ ಬಂದ್ರೆ ಅಕ್ಕಪಕ್ಕದ ನಕ್ಷತ್ರ ನೋಡಿ. ಅವುಗಳ ಜೊತೆಗೇ ಸಾಗ್ತಿದ್ರೆ ಅದು ಗ್ರಹ ಇರಬಹುದು. ಮುತ್ತಿನ ಸರದ ಹಾಗೆ ಸಾಲಾಗಿ ಹರಿದು, ಫಟ್ಟಂತ ಮಾಯವಾದ್ರೆ? ಬಹುಶಃ ಸ್ಟಾರ್‌ಲಿಂಕ್ ಉಪಗ್ರಹಗಳು. ನಮಗಿಲ್ಲಿ ಕತ್ತಲು, ಅವುಗಳಿಗೆ ಅಲ್ಲಿನ್ನೂ ಬಿಸಿಲು. ಭೂಮಿಯ ನೆರಳಿಗೆ ಹೊಕ್ಕ ಕ್ಷಣ, ದೀಪ ಆಫ್.